ಕೊಡಗಿನಲ್ಲಿ ಡಿಮೆನ್ಷಿಯಾ ಸಂಶೋಧನೆ: ಹೊಸ ಸಂಶೋಧಕರು ಅನುಮತಿ, ಅನುದಾನ ಪಡೆಯುವ ಕ್ರಮ

ಕೊಡಗಿನ ಹಿರಿಯರ ಮರೆವಿನ ಕಾಯಿಲೆ ಬಗ್ಗೆ ಅಧ್ಯಯನ ಮಾಡಹೊರಟ ಯುವ ವೈದ್ಯರು, ಪಿಎಚ್‌ಡಿ ವಿದ್ಯಾರ್ಥಿಗಳು, ನರ್ಸಿಂಗ್ ಮತ್ತು ಸಮಾಜಕಾರ್ಯ ಓದಿದವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಮೊದಲು ದೊಡ್ಡ ಪ್ರಪೋಸಲ್ ಬರೆಯುತ್ತಾರೆ. ಆಮೇಲೆ ಅದನ್ನು ಒಪ್ಪುವ ಸಂಸ್ಥೆ ಹುಡುಕುತ್ತಾರೆ. ಕೊನೆಗೆ ಸಂಶೋಧನೆಯ ನೈತಿಕತೆ ಪರಿಶೀಲಿಸುವ ಎಥಿಕ್ಸ್ ಕಮಿಟಿಯ ಮುಂದೆ ಕೂತಾಗ "ನೆನಪೇ ಇಲ್ಲದವರ ಒಪ್ಪಿಗೆ ಹೇಗೆ ತಗೊಳ್ತೀರಿ?" ಎಂಬ ಪ್ರಶ್ನೆ ಬರುತ್ತದೆ, ಅಲ್ಲಿಗೆ ಗಾಡಿ ನಿಲ್ಲುತ್ತದೆ.

ಒಪ್ಪಿಗೆಯ ವಿಧಾನ ಬದಲಾದರೆ ಅಧ್ಯಯನದ ವಿನ್ಯಾಸ ಬದಲಾಗುತ್ತದೆ, ವಿನ್ಯಾಸ ಬದಲಾದರೆ ಬಜೆಟ್ ಬದಲಾಗುತ್ತದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಒಪ್ಪಿಗೆಯ ವಿಷಯ ಎರಡನೇ ಹಂತದಲ್ಲೇ ಬರುತ್ತದೆ, ಹಣದ ಮಾತು ಐದನೇ ಹಂತದಲ್ಲಿ. ಕ್ರಮ ಮುರಿಯಬೇಡಿ.

ಶುರು ಮಾಡುವ ಮೊದಲು ಮೇಜಿನ ಮೇಲೆ ಇರಬೇಕಾದವು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿ, 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರತಿ, ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪಟ್ಟಿ, ಒಂದು ವರ್ಷದ ಗೋಡೆ ಕ್ಯಾಲೆಂಡರ್. ಕೊನೆಯದನ್ನು ಹಗುರವಾಗಿ ಎಣಿಸಬೇಡಿ. ಮಳೆ ಮತ್ತು ಕಾಫಿ ಕೊಯ್ಲು ನಿಮ್ಮ ಸಮಯಪಟ್ಟಿಯನ್ನು ನಿಮಗಿಂತ ಮೊದಲೇ ಬರೆದಿಟ್ಟಿವೆ.

ಹಂತ 1: ಪ್ರಶ್ನೆಯನ್ನು ಕಿರಿದು ಮಾಡಿ

ಹೊಸಬರ ಮೊದಲ ಆಸೆ "ಕೊಡಗಿನಲ್ಲಿ ಎಷ್ಟು ಜನಕ್ಕೆ ಡಿಮೆನ್ಷಿಯಾ ಇದೆ?" ಎಂದು ಎಣಿಸುವುದು. ಲೆಕ್ಕ ಹಾಕಿ ನೋಡಿ.

ಹಿರಿಯರ ಡಿಮೆನ್ಷಿಯಾ ಕುರಿತ ರಾಷ್ಟ್ರವ್ಯಾಪಿ ಲಾಸಿ-ಡ್ಯಾಡ್ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ. ಈ 7.4ನ್ನೇ ಆಧಾರವಾಗಿ ಹಿಡಿಯಿರಿ. ಶೇ 95 ವಿಶ್ವಾಸಮಟ್ಟ, ಎರಡೂ ಕಡೆ 2 ಶೇಕಡಾಂಶದ ಅಂತರ ಸಾಕೆಂದರೆ 658 ಹಿರಿಯರು ಬೇಕು. ಊರೂರು ಆಯ್ದು ಗುಂಪುಗಳಾಗಿ ತೆಗೆಯುವುದರಿಂದ 1.5ರಿಂದ ಗುಣಿಸಿ: 987. ಹತ್ತರಲ್ಲೊಬ್ಬರು ಒಲ್ಲೆ ಎನ್ನುತ್ತಾರೆಂದು ಸೇರಿಸಿದರೆ ಸುಮಾರು 1,100. ಹತ್ತು ಜನರಲ್ಲಿ ಒಬ್ಬರು 60 ದಾಟಿದವರು ಎಂದುಕೊಂಡರೂ 11,000 ಜನ ವಾಸಿಸುವ ಮನೆಗಳ ಬಾಗಿಲು ತಟ್ಟಬೇಕು. ತೋಟಗಳ ನಡುವೆ ಒಂಟಿ ಮನೆಗಳು, ಏರುದಾರಿ, ಕಟ್ಟಿಹಾಕದ ನಾಯಿ: ಒಬ್ಬ ಕ್ಷೇತ್ರ ಸಿಬ್ಬಂದಿ ದಿನಕ್ಕೆ ಐದು ಸಂದರ್ಶನ ಮುಗಿಸಿದರೆ ದೊಡ್ಡದು. ಇಬ್ಬರಿದ್ದರೆ 110 ಕೆಲಸದ ದಿನ. ಇಷ್ಟೆಲ್ಲ ಮಾಡಿದ ಮೇಲೆ ಸಿಗುವ ಡಿಮೆನ್ಷಿಯಾ ಪ್ರಕರಣಗಳು ಸುಮಾರು 73. ಅವನ್ನು ಗಂಡು, ಹೆಣ್ಣು, ತಾಲ್ಲೂಕು ಎಂದು ಹಂಚಿದರೆ ಯಾವ ಗುಂಪಿನಲ್ಲೂ ಏನನ್ನೂ ಧೈರ್ಯವಾಗಿ ಹೇಳಲಾಗದು.

ಮೊದಲ ಅನುದಾನಕ್ಕೆ ಇದು ಹೊರಲಾಗದ ಹೊರೆ. ಬದಲಿಗೆ ಇಂಥವನ್ನು ಯೋಚಿಸಿ: ಡಿಮೆನ್ಷಿಯಾ ಇರುವವರನ್ನು ನೋಡಿಕೊಳ್ಳುವ 60ರಿಂದ 100 ಮನೆಯವರ ಹೊರೆ, ಮನೆಯವರು ಮೊದಲ ಲಕ್ಷಣ ಗಮನಿಸಿದ ದಿನದಿಂದ ರೋಗನಿರ್ಣಯದವರೆಗೆ ಹಿಡಿದ ತಿಂಗಳುಗಳು, ಆಶಾ ಕಾರ್ಯಕರ್ತೆಯರು ಮರೆವನ್ನು ಗುರುತಿಸುವ ರೀತಿ, ಕೊಡವ ತಕ್ಕ್ ಅಥವಾ ಅರೆಭಾಷೆಯಲ್ಲಿ ಒಂದು ಸ್ಕ್ರೀನಿಂಗ್ ಪರೀಕ್ಷೆ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂಬ ಪರಿಶೀಲನೆ, ಆಸ್ಪತ್ರೆಯ ಹಳೆಯ ಕೇಸ್ ಶೀಟ್‌ಗಳ ಅಧ್ಯಯನ.

ಎಚ್ಚರಿಕೆಯ ಸೂಚನೆ: ನಿಮ್ಮ ಪ್ರಶ್ನೆಯಲ್ಲಿ "ಮತ್ತು" ಎರಡು ಸಲ ಬಂದಿದ್ದರೆ ಅದು ಎರಡು ಅಧ್ಯಯನ.

ಹಂತ 2: ಒಪ್ಪಿಗೆಯ ದಾರಿ ನಿಗದಿ ಮಾಡಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವ ಹಂತ ಇದು.

ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ನೆನಪು ಮತ್ತು ದಿಕ್ಕು-ಕಾಲದ ಅರಿವಿನ ಗಂಭೀರ ತೊಂದರೆಯನ್ನೂ ಸೇರಿಸಿದೆ. ಆದ್ದರಿಂದ "ನಮ್ಮದು ನರರೋಗದ ಅಧ್ಯಯನ, ಆ ಕಾಯ್ದೆ ನಮಗೆ ಬರುವುದಿಲ್ಲ" ಎಂಬ ವಾದ ನಿಲ್ಲುವುದಿಲ್ಲ. ಸಂಶೋಧನೆಯ ಮಾತು ಇರುವುದು ಸೆಕ್ಷನ್ 99ರಲ್ಲಿ. ಅದನ್ನು ಮೂರು ದಾರಿಯಾಗಿ ಓದಿಕೊಳ್ಳಿ.

ಒಂದು, ಒಪ್ಪಿಗೆ ಕೊಡಬಲ್ಲವರು. ಕಾಯಿಲೆಯ ಆರಂಭದಲ್ಲಿರುವ ಹಲವರಿಗೆ ಈ ಶಕ್ತಿ ಇರುತ್ತದೆ. ಅವರ ಸಹಿಯೇ ಬೇಕು, ಮಗನದು ಸಾಲದು. ಬೇಡ ಅನ್ನಿಸಿದ ದಿನ ಅವರು ಹಿಂದೆ ಸರಿಯಬಹುದು.

ಎರಡು, ಒಪ್ಪಿಗೆ ಕೊಡಲಾರದ, ಆದರೆ ವಿರೋಧಿಸದ ವ್ಯಕ್ತಿಯ ಮೇಲೆ ಮಾನಸಿಕ, ದೈಹಿಕ, ರಾಸಾಯನಿಕ ಅಥವಾ ಔಷಧದ ಯಾವುದೇ ಚಿಕಿತ್ಸಾ ಪ್ರಯೋಗ ಮಾಡುವುದಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಪ್ರಾಧಿಕಾರ ಒಪ್ಪಿದರೆ ನಾಮನಿರ್ದೇಶಿತ ಪ್ರತಿನಿಧಿಯ ಒಪ್ಪಿಗೆ ಪಡೆಯಬಹುದು. ಒಪ್ಪಿಗೆ ಕೊಡಬಲ್ಲವರ ಮೇಲೆ ಇದೇ ಅಧ್ಯಯನ ಏಕೆ ಸಾಧ್ಯವಿಲ್ಲ ಎಂದು ನೀವು ತೋರಿಸಬೇಕು. ನಿಮ್ಮ ಹಿತಾಸಕ್ತಿಗಳನ್ನು ಪೂರ್ತಿ ಬಿಚ್ಚಿಡಬೇಕು, ಎಥಿಕ್ಸ್ ಕಮಿಟಿಯ ಒಪ್ಪಿಗೆಯೂ ಇರಬೇಕು. ಸಂಗೀತ ಚಿಕಿತ್ಸೆ, ನೆನಪಿನ ಆಟಗಳಂಥ ಸೌಮ್ಯ ಪ್ರಯೋಗಕ್ಕೆ ಇದೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. ಬೇಕು, "ಮಾನಸಿಕ" ಎಂಬ ಪದ ಕಾಯ್ದೆಯಲ್ಲೇ ಇದೆ.

ಮೂರು, ಹೆಸರು ಗುರುತು ತೆಗೆದ ಕೇಸ್ ಶೀಟ್‌ಗಳ ಅಧ್ಯಯನ. ಅನಾಮಧೇಯತೆ ಕಾಪಾಡಿದರೆ ಈ ಸೆಕ್ಷನ್ ಅದನ್ನು ತಡೆಯುವುದಿಲ್ಲ. ಎಂಡಿ ಪ್ರಬಂಧಕ್ಕೆ ಸಮಯ ಕಡಿಮೆಯಿದ್ದರೆ ಈ ದಾರಿ ನೋಡಿ. ಎಥಿಕ್ಸ್ ಕಮಿಟಿ ಮಾತ್ರ ತಪ್ಪುವುದಿಲ್ಲ.

ಸಂದರ್ಶನ, ವೀಕ್ಷಣೆಯಂಥ ಪ್ರಯೋಗವಲ್ಲದ ಅಧ್ಯಯನಗಳಲ್ಲಿ ಐಸಿಎಂಆರ್ ಮಾರ್ಗಸೂಚಿಯ ಪ್ರಕಾರ ಕಾನೂನುಬದ್ಧ ಪ್ರತಿನಿಧಿಯ ಒಪ್ಪಿಗೆ, ಜೊತೆಗೆ ಸಾಧ್ಯವಾದಷ್ಟು ಆ ವ್ಯಕ್ತಿಯ ಸಮ್ಮತಿ. ಓದು ಬಾರದವರಿಗೆ ಓದಿ ಹೇಳುವಾಗ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಕೂತಿರಬೇಕು.

ಒಪ್ಪಿಗೆ ಕೊಡುವ ಶಕ್ತಿ ಇದೆಯೇ ಎಂದು ತಿಳಿಯಲು ಪರೀಕ್ಷೆಯ ಅಂಕ ನೋಡಬೇಡಿ. ಕಡಿಮೆ ಅಂಕ ಬಂದವರೂ ಒಂದು ಸರಳ ಸಂದರ್ಶನಕ್ಕೆ ಹೂಂ ಅಥವಾ ಬೇಡ ಎನ್ನಬಲ್ಲರು. ವಿವರಿಸಿದ ನಂತರ ಐದು ಪ್ರಶ್ನೆ ಕೇಳಿ: ನಾವು ಯಾಕೆ ಬಂದಿದ್ದೇವೆ? ನಿಮಗೆ ಏನು ಮಾಡುತ್ತೇವೆ? ಇದರಿಂದ ತೊಂದರೆ ಏನಾಗಬಹುದು? ಬೇಡ ಅಂದರೆ ಏನಾಗುತ್ತದೆ? ಇದು ಔಷಧಿ ಕೊಡುವ ಕಾರ್ಯಕ್ರಮವೇ? ಕೊನೆಯ ಪ್ರಶ್ನೆಗೆ "ಹೌದು" ಎಂದರೆ ಮತ್ತೊಮ್ಮೆ ವಿವರಿಸಿ. ಎರಡನೇ ಸಲವೂ ಹಾಗೇ ಬಂದರೆ ಪ್ರತಿನಿಧಿಯ ದಾರಿ ಹಿಡಿಯಿರಿ. ಈ ಐದು ಪ್ರಶ್ನೆಗಳ ಹಾಳೆಯನ್ನು ಪ್ರೋಟೋಕಾಲ್‌ಗೆ (ಅಧ್ಯಯನದ ಲಿಖಿತ ಯೋಜನೆಗೆ) ಅನುಬಂಧವಾಗಿ ಸೇರಿಸಿ. ಕಮಿಟಿ ಕೇಳುವ ಪ್ರಶ್ನೆಗೆ ಅದೇ ಉತ್ತರ.

ಮಾತಿಲ್ಲದೆ "ಬೇಡ" ಎನ್ನುವ ಲಕ್ಷಣಗಳನ್ನೂ ಬರೆದಿಡಿ. ಮುಖ ತಿರುಗಿಸುವುದು, ಎದ್ದು ಹೋಗಲು ನೋಡುವುದು, ಹಾಳೆ ತಳ್ಳುವುದು, "ಮನೆಗೆ ಹೋಗೋಣ" ಎಂದು ಸ್ವಂತ ಮನೆಯಲ್ಲೇ ಕೂತು ಪದೇ ಪದೇ ಹೇಳುವುದು. ಎರಡು ಕಂಡರೆ ಆ ದಿನ ನಿಲ್ಲಿಸಿ. ಮನೆಯವರು "ಪರವಾಗಿಲ್ಲ, ಕೇಳಿ" ಎಂದರೂ ನಿಲ್ಲಿಸಿ.

ಕೊಡಗಿನಲ್ಲಿ ಇಲ್ಲಿ ಎರಡು ತಪ್ಪು ತಿಳಿವಳಿಕೆ ಇವೆ. ಒಕ್ಕದ (ಕೊಡವ ಕುಲಕುಟುಂಬದ) ಹಿರಿಯ ಮುಖ್ಯಸ್ಥರಾದ ಪಟ್ಟೇದಾರರು ಆಗಬಹುದು ಎಂದರೆ ಐನ್‌ಮನೆಗೆ (ಕುಟುಂಬದ ಮೂಲಮನೆಗೆ) ಹೋಗಿ ಮಾತಾಡಲು ದಾರಿ ಸಿಕ್ಕಿತು ಅಷ್ಟೆ, ಅದು ಯಾರ ವೈಯಕ್ತಿಕ ಒಪ್ಪಿಗೆಯೂ ಆಗದು. ತೋಟದ ಮಾಲೀಕರು ಅಥವಾ ರೈಟರ್ "ನಮ್ಮ ಲೈನ್ ಮನೆಯವರೆಲ್ಲ ಬರ್ತಾರೆ" ಎಂದಾಗ ಇನ್ನೂ ಹೆಚ್ಚು ಎಚ್ಚರ ಬೇಕು. ಕೆಲಸ ಕೊಡುವವರ ಎದುರು ಲೈನ್ ಮನೆಗಳ, ಅಂದರೆ ತೋಟದ ಸಾಲುಮನೆಗಳ, ಕಾರ್ಮಿಕರು ಬೇಡ ಎನ್ನುವುದು ಕಷ್ಟ. ಒಪ್ಪಿಗೆ ಕೇಳುವಾಗ ತೋಟದ ಸಿಬ್ಬಂದಿ ಯಾರೂ ಹತ್ತಿರ ಇರಬಾರದು.

ಹಂತ 3: ಆತಿಥೇಯ ಸಂಸ್ಥೆ ಮತ್ತು ಗೈಡ್

ಸರ್ಕಾರಿ ಅನುದಾನದ ಹಣ ಬರುವುದು ಸಂಸ್ಥೆಯ ಖಾತೆಗೆ. ಹಾಗಾಗಿ ಸಂಸ್ಥೆ ಮೊದಲು. ಜಿಲ್ಲೆಯೊಳಗೆ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ವೈದ್ಯರಿಗೆ ಸಹಜ ನೆಲೆ. ಸಮಾಜವಿಜ್ಞಾನದವರಿಗೆ ವಿಶ್ವವಿದ್ಯಾಲಯದ ವಿಭಾಗಗಳು. ಡಿಮೆನ್ಷಿಯಾ ಅನುಭವ ಇರುವ ಸಹ ಗೈಡ್ ಒಬ್ಬರನ್ನು ಜಿಲ್ಲೆಯ ಹೊರಗಿನಿಂದ ಸೇರಿಸಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಕೋಲಾರದ ಶ್ರೀನಿವಾಸಪುರದಲ್ಲಿ 10,000 ಗ್ರಾಮೀಣರ ಗುರಿಯಿಟ್ಟು ದೀರ್ಘಕಾಲದ ಅಧ್ಯಯನ ನಡೆಸುತ್ತಿದೆ. ಹಳ್ಳಿಯಲ್ಲಿ ನೆನಪಿನ ಪರೀಕ್ಷೆ ಹೇಗೆ ನಡೆಸಬೇಕೆಂದು ಕಲಿಯುವುದಾದರೆ ಅಂಥ ಕಡೆ ಕಲಿಯಬೇಕು.

ಸಂಸ್ಥೆಯ ಮುಖ್ಯಸ್ಥರಿಂದ ಬರೀ ಒಪ್ಪಿಗೆ ಪತ್ರ ಪಡೆದು ಸುಮ್ಮನಾಗಬೇಡಿ. ನಾಲ್ಕು ವಿಷಯ ಬರಹದಲ್ಲಿರಲಿ: ವಾರದಲ್ಲಿ ಎಷ್ಟು ಗಂಟೆ ಸಂಶೋಧನೆಗೆ ಬಿಡುವು, ಕೊಠಡಿ ಮತ್ತು ಬೀಗವಿರುವ ಬೀರು, ಹಣ ಬಿಡುಗಡೆಗೆ ಸಹಿ ಹಾಕುವವರು ಯಾರು, ನೀವು ವರ್ಗವಾದರೆ ಅಥವಾ ಹೆರಿಗೆ ರಜೆಗೆ ಹೋದರೆ ಅಧ್ಯಯನ ಯಾರ ಕೈಗೆ. ಹೊಸಬರಿಗೆ ಇದೇ ನಿಜವಾದ ನೀತಿ ಬೆಂಬಲ. ದೆಹಲಿಯ ದೊಡ್ಡ ಯೋಜನೆಗಿಂತ ವಾರಕ್ಕೆ ಎಂಟು ಗಂಟೆಯ ಲಿಖಿತ ಬಿಡುವು ಹೆಚ್ಚು ಅಧ್ಯಯನಗಳನ್ನು ದಡ ಮುಟ್ಟಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಹಂತ 4: ನೀತಿಯ ಕೊಂಡಿ ಹಾಕಿ

ಪ್ರಪೋಸಲ್‌ನ ಮೊದಲ ಪುಟದಲ್ಲಿ ನಿಮ್ಮ ಅಧ್ಯಯನ ಯಾವ ಸರ್ಕಾರಿ ಕಾರ್ಯಕ್ರಮದ ಯಾವ ಕೆಲಸಕ್ಕೆ ನೆರವಾಗುತ್ತದೆ ಎಂದು ಮೂರು ವಾಕ್ಯದಲ್ಲಿ ಹೇಳಿ.

ಬಳಸಬಹುದಾದ ಕೊಂಡಿಗಳು ಇವು. ವಿಶ್ವ ಆರೋಗ್ಯ ಸಂಸ್ಥೆಯ ಡಿಮೆನ್ಷಿಯಾ ಜಾಗತಿಕ ಕ್ರಿಯಾ ಯೋಜನೆ 2017ರಿಂದ 2025ರವರೆಗೆ ಇತ್ತು, ಈಗ 2031ಕ್ಕೆ ವಿಸ್ತರಣೆಯಾಗಿದೆ. ಅದರ ಏಳು ಕ್ಷೇತ್ರಗಳಲ್ಲಿ ಏಳನೆಯದು ಸಂಶೋಧನೆ. ದೇಶದ ಮಟ್ಟದಲ್ಲಿ ಹಿರಿಯರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮ ಮತ್ತು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ರಾಜ್ಯದಲ್ಲಿ ನಿಮ್ಹಾನ್ಸ್ ಜೊತೆ 2022ರಲ್ಲಿ ಶುರುವಾದ, ಕಭಿ ಎಂದು ಕರೆಯುವ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ. ಜಿಲ್ಲಾ ಆಸ್ಪತ್ರೆಗಳ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳು ಅದರ ಭಾಗ. ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಯುವ ಮನೋಚೈತನ್ಯ ಎಂಬ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ಇನ್ನೊಂದು.

ಐದನ್ನೂ ಉಲ್ಲೇಖಿಸುವುದು ಸಾಮಾನ್ಯ ತಪ್ಪು. ಒಂದನ್ನು ಹಿಡಿದು, ಆ ಕಾರ್ಯಕ್ರಮದ ಯಾವ ನೌಕರ ನಿಮ್ಮ ಫಲಿತಾಂಶವನ್ನು ಯಾವ ದಿನ ಬಳಸುತ್ತಾರೆ ಎಂದು ಹೇಳಿ. "ಹಾಡಿಗೆ (ಬುಡಕಟ್ಟು ಜನರ ವಸತಿಗೆ) ಹೋಗುವ ಆಶಾ ಕಾರ್ಯಕರ್ತೆ ಆರು ಪ್ರಶ್ನೆ ಕೇಳಿ ಬ್ರೈನ್ ಹೆಲ್ತ್ ಕ್ಲಿನಿಕ್‌ಗೆ ಕಳಿಸಬಹುದೇ" ಎಂಬ ಒಂದು ವಾಕ್ಯ ಸಾಕು, ಪುಟಗಟ್ಟಲೆ ಪೀಠಿಕೆ ಬೇಡ.

ಹಂತ 5: ನಿಮ್ಮ ಮೆಟ್ಟಿಲಿಗೆ ಹೊಂದುವ ಹಣ

ಎಂಬಿಬಿಎಸ್, ಬಿಡಿಎಸ್ ಓದುತ್ತಿರುವವರಿಗೆ ಐಸಿಎಂಆರ್‌ನ ಎರಡು ತಿಂಗಳ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್. ಎಂಡಿ ಮಾಡುತ್ತಿರುವವರು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಶೋಧನಾ ಅನುದಾನದ ಪ್ರಕಟಣೆಗಳನ್ನು ನೋಡುತ್ತಿರಿ.

ಪಿಎಚ್‌ಡಿಗೆ ಯುಜಿಸಿ ಅಥವಾ ಐಸಿಎಂಆರ್ ಫೆಲೋಶಿಪ್. ಯುಜಿಸಿ ದರ 2023ರ ಜನವರಿ 1ರಿಂದ ಕಿರಿಯ ಫೆಲೋಗಳಿಗೆ (ಜೆಆರ್‌ಎಫ್) ತಿಂಗಳಿಗೆ 37,000, ಹಿರಿಯ ಫೆಲೋಗಳಿಗೆ (ಎಸ್‌ಆರ್‌ಎಫ್) 42,000 ರೂಪಾಯಿ. ಇದು ನಿಮ್ಮ ಹೊಟ್ಟೆಪಾಡಿಗೆ. ಕ್ಷೇತ್ರ ಸಿಬ್ಬಂದಿ ಮತ್ತು ಜೀಪಿನ ಬಾಡಿಗೆಗೆ ಬೇರೆ ದಾರಿ ಬೇಕು. ಇದನ್ನು ಮರೆತು ಎರಡನೇ ವರ್ಷ ಕೈಯಿಂದ ಖರ್ಚು ಮಾಡುವವರು ಬಹಳ.

ಪಿಎಚ್‌ಡಿ ಮುಗಿದವರಿಗೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್, ಅವಧಿ ಎರಡು ವರ್ಷ. ಕಾಯಂ ಹುದ್ದೆ ಸಿಕ್ಕ ಹೊಸಬರಿಗೆ ಅದೇ ಪ್ರತಿಷ್ಠಾನದ ಪ್ರಧಾನಮಂತ್ರಿ ಅರ್ಲಿ ಕರಿಯರ್ ರಿಸರ್ಚ್ ಗ್ರಾಂಟ್: ಮೂರು ವರ್ಷಕ್ಕೆ 60 ಲಕ್ಷ ರೂ.ವರೆಗೆ, ಸಾಮಾನ್ಯ ವಯೋಮಿತಿ 42, ಮಹಿಳೆಯರು ಮತ್ತು ಮೀಸಲು ವರ್ಗಗಳಿಗೆ ಸಡಿಲಿಕೆ ಇದೆ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅರಿವಿನ ವಿಜ್ಞಾನ ಕಾರ್ಯಕ್ರಮ 2008ರಿಂದ ಇದೆ. ಮನೋವಿಜ್ಞಾನ, ಭಾಷಾವಿಜ್ಞಾನದವರು ಅದನ್ನು ನೋಡುವುದೇ ಇಲ್ಲ. ಐಸಿಎಂಆರ್‌ನ ಸ್ಮಾಲ್ ಗ್ರಾಂಟ್ 2 ಕೋಟಿ ರೂ.ವರೆಗೆ ಕೊಡುತ್ತದೆ, ಹೊಸಬರು ಅಲ್ಲಿಗೆ ಒಂಟಿಯಾಗಿ ಹೋಗುವುದಕ್ಕಿಂತ ಹಿರಿಯರ ತಂಡದಲ್ಲಿ ಸಹ ಸಂಶೋಧಕರಾಗಿ ಹೋಗುವುದು ಒಳ್ಳೆಯದು. ಆರೋಗ್ಯ ಸಂಶೋಧನೆಗೆ ಹಣ ಕೊಡುವ ಇಂಡಿಯಾ ಅಲಯನ್ಸ್‌ನ ಅರ್ಲಿ ಕರಿಯರ್ ಫೆಲೋಶಿಪ್‌ಗೆ ಪೈಪೋಟಿ ಜಾಸ್ತಿ, ಆದರೆ ಸಾರ್ವಜನಿಕ ಆರೋಗ್ಯದ ವಿಭಾಗವೂ ಅದರಲ್ಲಿದೆ.

ವಿದೇಶದ ಹಣ ಬೇಕೆನ್ನುವವರಿಗೆ ಅಲ್ಝೈಮರ್ಸ್ ಅಸೋಸಿಯೇಷನ್‌ನ ಫೆಲೋಶಿಪ್‌ಗಳು, ಗ್ಲೋಬಲ್ ಬ್ರೈನ್ ಹೆಲ್ತ್ ಇನ್‌ಸ್ಟಿಟ್ಯೂಟ್‌ನ ಅಟ್ಲಾಂಟಿಕ್ ಫೆಲೋಶಿಪ್. ಆಗ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿಯ ಒಪ್ಪಿಗೆ ಬೇಕು. ಸ್ವಯಂಸೇವಾ ಸಂಸ್ಥೆಯ ಮೂಲಕ ಹಣ ತರುವುದಾದರೆ ಅದಕ್ಕೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇರಬೇಕು. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಸಮಯಪಟ್ಟಿಯಲ್ಲಿ ಅದಕ್ಕೆ ಜಾಗ ಬಿಡಿ.

ಬಜೆಟ್ ಬರೆಯುವಾಗ ಕೊಡಗಿನ ಹೊಸಬರು ಬಿಡುವ ಸಾಲುಗಳು: ಅನುವಾದಕರ ಗೌರವಧನ, ಎರಡನೇ ಭೇಟಿಯ ವಾಹನ ವೆಚ್ಚ, ಮಳೆಗಾಲದಲ್ಲಿ ಕೆಲಸ ನಿಂತರೂ ಕೊಡಬೇಕಾದ ಸಿಬ್ಬಂದಿ ಸಂಬಳ, ಕೂಲಿ ಬಿಟ್ಟು ಸಂದರ್ಶನಕ್ಕೆ ಕೂತ ಮನೆಯವರಿಗೆ ಆ ದಿನದ ನಷ್ಟ ಪರಿಹಾರ. ಕೊನೆಯದು ಆಮಿಷವಾಗದಂತೆ ಎಥಿಕ್ಸ್ ಕಮಿಟಿ ಮೊತ್ತ ನೋಡುತ್ತದೆ, ಅದಕ್ಕೇ ಮುಂಚೆಯೇ ಬರೆಯಿರಿ.

ಹಂತ 6: ಪರೀಕ್ಷೆ ಯಾವ ಭಾಷೆಯಲ್ಲಿ?

ಐಸಿಎಂಆರ್‌ನ ನ್ಯೂರೋ ಕಾಗ್ನಿಟಿವ್ ಟೂಲ್ ಬಾಕ್ಸ್ (ನೆನಪು, ಅರಿವು ಅಳೆಯುವ ಪರೀಕ್ಷೆಗಳ ಗುಚ್ಛ) ಕನ್ನಡ, ಮಲಯಾಳಂ, ತೆಲುಗು, ಹಿಂದಿ, ಬಂಗಾಳಿಗಳಲ್ಲಿ ಸಿದ್ಧವಾಗಿದೆ. ಕನ್ನಡವೇನೋ ಆಯಿತು. ಆದರೆ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಯರವ ಅಥವಾ ಜೇನುಕುರುಬ ನುಡಿ ಆಡುವ ಅಜ್ಜಿಗೆ ಶಾಲೆಯ ಕನ್ನಡದಲ್ಲಿ ಹತ್ತು ಪದ ಹೇಳಿ ನೆನಪಿಡಿ ಎಂದರೆ ಅಳೆಯುವುದು ಭಾಷೆಯನ್ನೇ ಹೊರತು ನೆನಪನ್ನಲ್ಲ. ಕಾಯಿಲೆ ಬೆಳೆದಂತೆ ನಂತರ ಕಲಿತ ಭಾಷೆ ಮೊದಲು ಜಾರುವವರೂ ಇದ್ದಾರೆ.

ಅನುವಾದದ ಕ್ರಮ: ಇಬ್ಬರು ಬೇರೆ ಬೇರೆ ಕೂತು ಅನುವಾದಿಸಲಿ, ಇಬ್ಬರದನ್ನೂ ಹೊಂದಿಸಿ ಒಂದು ಪ್ರತಿ ಮಾಡಿ, ಮೂಲ ನೋಡದ ಇನ್ನಿಬ್ಬರು ಅದನ್ನು ಹಿಂದಕ್ಕೆ ಅನುವಾದಿಸಲಿ, ನಾಲ್ಕೈದು ತಜ್ಞರು ಕೂತು ವ್ಯತ್ಯಾಸ ನೋಡಲಿ, ನಂತರ ಸುಮಾರು ಹತ್ತು ಹಿರಿಯರಿಗೆ ಕೇಳಿ ಪ್ರತಿ ಪ್ರಶ್ನೆ ಅವರಿಗೆ ಏನೆಂದು ಅರ್ಥವಾಯಿತೆಂದು ತಿಳಿಯಿರಿ. ಈ ಹತ್ತು ಜನರ ಹಂತ ಎಥಿಕ್ಸ್ ಕಮಿಟಿಯ ಅನುಮತಿಯ ನಂತರವೇ. ಮೊದಲೇ "ಸುಮ್ಮನೆ ಟ್ರೈ" ಮಾಡಿದ ಮಾಹಿತಿಯನ್ನು ಮುಂದೆ ಪ್ರಕಟಿಸಲು ಬರುವುದಿಲ್ಲ.

ಪ್ರಶ್ನೆಗಳನ್ನೂ ನೋಡಿ. "ಇದು ಯಾವ ಮಹಡಿ?" ಎಂಬುದಕ್ಕೆ ಲೈನ್ ಮನೆಯಲ್ಲಿ ಅರ್ಥವಿಲ್ಲ. ನೂರರಿಂದ ಏಳೇಳು ಕಳೆಯುವುದಕ್ಕಿಂತ ಸಂತೆಯ ಚಿಲ್ಲರೆ ಲೆಕ್ಕ ಓದದವರಿಗೆ ಹತ್ತಿರ. ಹರಿಯಾಣದ ಬಲ್ಲಭಗಡದ ಅನಕ್ಷರಸ್ಥ ಹಿರಿಯರಿಗೆಂದು ಹಿಂದಿ ಮೆಂಟಲ್ ಸ್ಟೇಟ್ ಪರೀಕ್ಷೆ ರೂಪಿಸಿದವರೂ ಇದೇ ಬಗೆಯ ಬದಲಾವಣೆ ಮಾಡಬೇಕಾಯಿತು. ಬದಲಿಸಿದ ಪ್ರಶ್ನೆಗೆ ಹಳೆಯ ಕಟ್ ಆಫ್ ಅಂಕ ಅನ್ವಯಿಸಬೇಡಿ.

ಹಕ್ಕುಸ್ವಾಮ್ಯ ನೋಡಿಕೊಳ್ಳಿ. ನೆನಪು, ಅರಿವು ಅಳೆಯುವ ಎಂಎಂಎಸ್‌ಇ ಪರೀಕ್ಷೆ ಬಳಸಲು ಪರವಾನಗಿ ಬೇಕು, ಅಂಥದೇ ಮೋಕಾ ಪರೀಕ್ಷೆ ಬಳಸಲು ತರಬೇತಿ ಪ್ರಮಾಣಪತ್ರ ಕೇಳುತ್ತಾರೆ. ಫೋಟೋಕಾಪಿ ಅಂಗಡಿಯಿಂದ ತಂದ ಹಾಳೆಯ ಮೇಲೆ ಅಧ್ಯಯನ ಕಟ್ಟಬೇಡಿ.

ಕಡಿಮೆ ಅಂಕಕ್ಕೆ ಡಿಮೆನ್ಷಿಯಾ ಒಂದೇ ಕಾರಣವಲ್ಲ. ಕಿವಿ ಮಂದ, ಕಣ್ಣಿನ ಪೊರೆ, ಖಿನ್ನತೆ, ಮದ್ಯ, ಥೈರಾಯ್ಡ್ ಕೊರತೆ, ಬಿ12 ಕೊರತೆ ಇವನ್ನು ಗಮನಿಸುವ ಒಂದು ಪುಟ ಪ್ರೋಟೋಕಾಲ್‌ನಲ್ಲಿ ಇರಲೇಬೇಕು.

ಹಂತ 7: ಎಥಿಕ್ಸ್ ಕಮಿಟಿ ಮತ್ತು ನೋಂದಣಿ

ಮೊದಲು ಕಮಿಟಿಯದೇ ನೋಂದಣಿ ಕೇಳಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಜೈವಿಕ ವೈದ್ಯಕೀಯ ಸಂಶೋಧನೆ ಪರಿಶೀಲಿಸುವ ಕಮಿಟಿ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ಅವಧಿ ಮುಗಿದ ನೋಂದಣಿಯ ಅನುಮತಿ ಪತ್ರ ಹಿಡಿದು ಪತ್ರಿಕೆಗೆ ಲೇಖನ ಕಳಿಸಿದಾಗ ಗೊತ್ತಾದರೆ ಮಾಡುವುದೇನೂ ಉಳಿಯುವುದಿಲ್ಲ. ಔಷಧ ಪ್ರಯೋಗವಾದರೆ ನಿಯಮ ಇನ್ನೂ ಬಿಗಿ: ಆ ಜಾಗದಲ್ಲಿ ಕಮಿಟಿ ಇಲ್ಲದಿದ್ದರೆ ಅದೇ ಊರಿನ ಅಥವಾ 50 ಕಿ.ಮೀ. ಒಳಗಿನ ಕಮಿಟಿಯೇ ಆಗಬೇಕು. ಮಡಿಕೇರಿಯಿಂದ ಮೈಸೂರಿಗೆ ರಸ್ತೆಯಲ್ಲಿ ಸುಮಾರು 120 ಕಿ.ಮೀ., ಹಾಗಾಗಿ ಅಲ್ಲಿನ ಕಮಿಟಿ ನಡೆಯದು.

ಡಿಮೆನ್ಷಿಯಾ ಇರುವವರು ದುರ್ಬಲ ವರ್ಗದಲ್ಲಿ ಬರುವುದರಿಂದ ಪೂರ್ಣ ಕಮಿಟಿಯ ಸಭೆಗೆ ಸಿದ್ಧರಾಗಿ. ಸಭೆ ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಎಂದು ಮೊದಲೇ ವಿಚಾರಿಸಿ. ಕೊಡಬೇಕಾದ್ದು: ಪ್ರೋಟೋಕಾಲ್, ಬಳಸುವ ಎಲ್ಲ ಭಾಷೆಗಳ ಮಾಹಿತಿ ಪತ್ರ ಮತ್ತು ಒಪ್ಪಿಗೆ ಪತ್ರ, ಹಿಂದಕ್ಕೆ ಅನುವಾದಿಸಿದ ಪ್ರತಿ, ಎರಡನೇ ಹಂತದ ಐದು ಪ್ರಶ್ನೆಗಳ ಹಾಳೆ, ಧ್ವನಿ ಮುದ್ರಣಕ್ಕೆ ಪ್ರತ್ಯೇಕ ಒಪ್ಪಿಗೆ, ಸಂಕಷ್ಟ ಕಂಡಾಗ ಏನು ಮಾಡುವಿರಿ ಎಂಬ ಒಂದು ಪುಟ. ಆ ಪುಟದಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567, ಹತ್ತಿರದ ಮನೋಚೈತನ್ಯ ಕ್ಲಿನಿಕ್ ಇರಲಿ. ಆರೈಕೆ ಮಾಡುವ ಸೊಸೆ ಅಳತೊಡಗುವುದು, ವೃದ್ಧರ ಮೈಮೇಲೆ ಗಾಯದ ಗುರುತು ಕಾಣುವುದು ಎರಡೂ ಆಗುತ್ತವೆ.

ಪ್ರಯೋಗದ ಅಧ್ಯಯನವಾದರೆ ಮೊದಲ ವ್ಯಕ್ತಿಯನ್ನು ಸೇರಿಸುವ ಮೊದಲೇ ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿ ಮುಗಿಯಬೇಕು. 2018ರ ಏಪ್ರಿಲ್ 1ರಿಂದ ಆಮೇಲೆ ನೋಂದಾಯಿಸುವ ಅವಕಾಶ ಇಲ್ಲ.

ಹಂತ 8: ಜಿಲ್ಲೆಯ ಬಾಗಿಲುಗಳು

ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಎಥಿಕ್ಸ್ ಅನುಮತಿಯ ಪ್ರತಿಯೊಂದಿಗೆ ಕನ್ನಡದಲ್ಲಿ ಒಂದೇ ಪುಟದ ಮನವಿ ಕೊಡಿ: ಯಾವ ಪಿಎಚ್‌ಸಿಗಳು, ಯಾವ ತಿಂಗಳು, ಆಶಾ ಕಾರ್ಯಕರ್ತೆಯರಿಂದ ಎಷ್ಟು ಗಂಟೆ, ಅವರಿಗೆ ಏನು ಗೌರವಧನ. ಆಶಾ ಕಾರ್ಯಕರ್ತೆಯರ ಸಮಯವನ್ನು ಉಚಿತ ಎಂದುಕೊಂಡ ಮನವಿಗಳು ಮೇಜಿನ ಮೇಲೆಯೇ ಉಳಿಯುತ್ತವೆ, ಉಳಿಯಬೇಕಾದ್ದೇ.

ಹಾಡಿಗಳಿಗೆ ಹೋಗುವುದಾದರೆ ಐಸಿಎಂಆರ್ ಮಾರ್ಗಸೂಚಿ ಸ್ಪಷ್ಟ: ಜಿಲ್ಲಾಧಿಕಾರಿ ಅಥವಾ ಬುಡಕಟ್ಟು ಕಲ್ಯಾಣದ ಅಧಿಕಾರಿಯ ಅನುಮತಿ ಮೊದಲು. ಆ ಸಮುದಾಯಕ್ಕೆ ನೇರ ಉಪಯೋಗ ಇದೆಯೇ ಎಂದೂ ನೋಡುತ್ತಾರೆ. ಜಿಲ್ಲೆಯಲ್ಲಿ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿಯಿಂದ ಶುರು ಮಾಡಿ. ನಾಗರಹೊಳೆ ಅರಣ್ಯದೊಳಗಿನ ಹಾಡಿಯಾದರೆ ಅರಣ್ಯ ಇಲಾಖೆಯ ಪ್ರವೇಶ ಅನುಮತಿ ಬೇರೆ. ಇಷ್ಟಾದ ಮೇಲೆ ಹಾಡಿಯ ಹಿರಿಯರೊಂದಿಗೆ ಮಾತು, ಆಮೇಲೆ ಒಬ್ಬೊಬ್ಬರ ಒಪ್ಪಿಗೆ.

ಹಂತ 9: ಕ್ಷೇತ್ರಕಾರ್ಯ

ಜೂನ್‌ನಿಂದ ಸೆಪ್ಟೆಂಬರ್ ಕಚೇರಿ ಕೆಲಸಕ್ಕೆ ಇಡಿ: ಅನುವಾದ, ತರಬೇತಿ, ಕಡತ. ಭಾಗಮಂಡಲ ಕಡೆ ನೀರು ಏರಿ ದಾರಿ ಮುಚ್ಚಿದಾಗ ಸಮಯಪಟ್ಟಿ ಉಳಿಯುವುದಿಲ್ಲ. ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಕ್ಷೇತ್ರ. ನಡುವೆ ಕಾವೇರಿ ಸಂಕ್ರಮಣ, ಪುತ್ತರಿಯ ವಾರಗಳನ್ನು ಬಿಡಿ. ಆದರೆ ಪುತ್ತರಿಗೆ ಬೆಂಗಳೂರಿನ ಮಕ್ಕಳು ಮನೆಗೆ ಬರುತ್ತಾರೆ, ಅವರಿಗೆ ಅಧ್ಯಯನ ವಿವರಿಸಿ ಮುಂದಿನ ದಿನ ಗೊತ್ತುಮಾಡಲು ಒಳ್ಳೆಯ ಸಮಯ.

ನೆನಪಿನ ಪರೀಕ್ಷೆಗೆ ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೆರಡು ಸರಿ. ಸಂಜೆಯಾದಂತೆ ಡಿಮೆನ್ಷಿಯಾ ಇರುವ ಕೆಲವರ ಗೊಂದಲ ಹೆಚ್ಚುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ಆರೈಕೆದಾರರು ಬೆಳಗ್ಗೆ ತೋಟದಲ್ಲಿರುತ್ತಾರೆ, ಸಿಗುವುದು ಸಂಜೆ. ಹಾಗಾಗಿ ಒಂದು ಮನೆಗೆ ಎರಡು ಭೇಟಿ; ಬಜೆಟ್‌ನಲ್ಲಿ ಎರಡನೇ ಭೇಟಿ ಹಾಕಿ ಎಂದದ್ದು ಇದಕ್ಕೇ.

ವಯಸ್ಸಿನ ದಾಖಲೆ ಇಲ್ಲದವರಿಗೆ ಘಟನೆಗಳ ಪಟ್ಟಿ ಬಳಸಿ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು, 1971ರ ಯುದ್ಧ, 1975ರ ತುರ್ತು ಪರಿಸ್ಥಿತಿ, 1984ರಲ್ಲಿ ಇಂದಿರಾ ಗಾಂಧಿ ಹತ್ಯೆ: ಆಗ ನಿಮಗೆ ಮದುವೆಯಾಗಿತ್ತೇ, ಮಕ್ಕಳಿದ್ದರೇ ಎಂದು ಕೇಳಿ. ಉತ್ತರವನ್ನು ಮನೆಯವರಿಂದಲೂ ಪ್ರತ್ಯೇಕವಾಗಿ ಪಡೆಯಿರಿ, ಏಕೆಂದರೆ ನೀವು ಪರೀಕ್ಷಿಸುತ್ತಿರುವುದೇ ನೆನಪು. ಸಿಗ್ನಲ್ ಇಲ್ಲದೆಡೆ ಕೆಲಸ ಮಾಡುವ ಆಫ್‌ಲೈನ್ ಆ್ಯಪ್ ಇರಲಿ, ಜೊತೆಗೆ ಕಾಗದದ ಪ್ರತಿಯೂ.

"ಅರವತ್ತಕ್ಕೆ ಅರಳು ಮರಳು" ಎಂದು ಮನೆಯವರು ನಕ್ಕು ತಳ್ಳಿಹಾಕುವುದು ಸಾಮಾನ್ಯ. ವಾದಕ್ಕಿಳಿಯಬೇಡಿ. "ಮರೆವು" ಎಂದು ಕೇಳುವ ಬದಲು ಕೆಲಸ ಕೇಳಿ: ಸಂತೆಗೆ ಹೋಗಿ ಸರಿಯಾಗಿ ಚಿಲ್ಲರೆ ತರುತ್ತಾರೆಯೇ, ಗೊತ್ತಿರುವ ದಾರಿಯಲ್ಲಿ ತಪ್ಪುತ್ತಾರೆಯೇ, ಒಲೆ ಆರಿಸಲು ಮರೆಯುತ್ತಾರೆಯೇ, ಒಂದು ವರ್ಷದಲ್ಲಿ ಇದು ಬದಲಾಗಿದೆಯೇ.

ಹಂತ 10: ಗೌಪ್ಯತೆ ಮತ್ತು ಲೆಕ್ಕ

ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಪಾಲು, ತೋಟದ ವಿಲ್ ಸಣ್ಣ ವಿಷಯಗಳಲ್ಲ. ಹಿರಿಯರೊಬ್ಬರ ಪರೀಕ್ಷಾ ಅಂಕ ಬರೆದ ಹಾಳೆ ಮನೆಯಲ್ಲಿ ಬಿದ್ದಿದ್ದರೆ ನಾಳೆ ಅದು "ಸಹಿ ಹಾಕುವಾಗ ಅವರಿಗೆ ಬುದ್ಧಿ ಸರಿ ಇರಲಿಲ್ಲ" ಎಂಬ ವಾದಕ್ಕೆ ಕಾಗದವಾಗಬಹುದು. ಅಂಕವನ್ನು ಮನೆಯಲ್ಲಿ ಬಿಡಬೇಡಿ, ಸಂಬಂಧಿಕರಿಗೆ ಫೋನಿನಲ್ಲಿ ಹೇಳಬೇಡಿ, ಯಾರಾದರೂ ಸರ್ಟಿಫಿಕೇಟ್ ಕೇಳಿದರೆ ಸಂಶೋಧನಾ ಪರೀಕ್ಷೆ ರೋಗನಿರ್ಣಯವಲ್ಲ ಎಂದು ಹೇಳಿ ಕ್ಲಿನಿಕ್‌ಗೆ ಕಳಿಸಿ. ಹೆಸರಿನ ಪಟ್ಟಿ ಒಂದು ಬೀರುವಿನಲ್ಲಿ, ಕೋಡ್ ಸಂಖ್ಯೆಯ ಮಾಹಿತಿ ಇನ್ನೊಂದರಲ್ಲಿ. ಚಿಕ್ಕ ಊರಲ್ಲಿ ಹೆಸರು ತೆಗೆದರೆ ಸಾಲದು: "ನಾಪೋಕ್ಲು ಬಳಿಯ 84 ವರ್ಷದ ನಿವೃತ್ತ ಸೈನಿಕ" ಎಂದರೆ ಯಾರೆಂದು ಊರಿಗೇ ಗೊತ್ತು. ವರದಿಯಲ್ಲಿ ವಯಸ್ಸಿನ ಗುಂಪು ಮತ್ತು ತಾಲ್ಲೂಕು ಮಟ್ಟದಲ್ಲಿ ನಿಲ್ಲಿಸಿ.

ಲೆಕ್ಕದ ವಿಷಯ ಚಿಕ್ಕದು, ಕಾಟ ದೊಡ್ಡದು. ಮುಂದಿನ ಕಂತು ಬರಬೇಕಾದರೆ ಖರ್ಚಿನ ಪಟ್ಟಿ ಮತ್ತು ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯ ಬಳಕೆ ಪ್ರಮಾಣಪತ್ರ ಹೋಗಬೇಕು. ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ರೊಬಸ್ಟಾ ಕೊಯ್ಲಿನ ಕೊನೆಯ ದಿನಗಳಲ್ಲಿ, ಅಂದರೆ ನಿಮ್ಮ ಸಿಬ್ಬಂದಿ ಕ್ಷೇತ್ರದಲ್ಲಿ ಮುಳುಗಿರುವಾಗ. ಜನವರಿಯಲ್ಲೇ ಅಕೌಂಟ್ಸ್ ವಿಭಾಗದವರೊಂದಿಗೆ ಕೂತು ಬಿಲ್‌ಗಳನ್ನು ಶೀರ್ಷಿಕೆವಾರು ಹೊಂದಿಸಿ. ಪ್ರಯಾಣದ ಹಣದಲ್ಲಿ ಲ್ಯಾಪ್‌ಟಾಪ್ ಕೊಂಡರೆ ಆಮೇಲೆ ಯಾವ ವಿವರಣೆಯೂ ಒಪ್ಪಿಗೆಯಾಗುವುದಿಲ್ಲ. ಶೀರ್ಷಿಕೆ ಬದಲಿಸಬೇಕಿದ್ದರೆ ಖರ್ಚಿಗೆ ಮೊದಲೇ ಬರೆದು ಅನುಮತಿ ಪಡೆಯಿರಿ.

ಅಧ್ಯಯನ ಮುಗಿದಾಗ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮತ್ತು ನೀವು ಕೆಲಸ ಮಾಡಿದ ಪ್ರತಿ ಪಿಎಚ್‌ಸಿಗೆ ಕನ್ನಡದಲ್ಲಿ ಎರಡು ಪುಟದ ವರದಿ ಕೊಡಿ. ಮೊದಲ ಪುಟದಲ್ಲಿ ಏನು ಕಂಡಿತು ಎಂಬುದು, ಎರಡನೆಯದರಲ್ಲಿ ಯಾವ ನೌಕರರು ಯಾವ ಕೆಲಸ ಬದಲಿಸಬೇಕು ಎಂಬುದು, ಅದಕ್ಕೆ ತಗಲುವ ವೆಚ್ಚದೊಂದಿಗೆ. ಮುಂದಿನ ವರ್ಷ ಅದೇ ಕಚೇರಿಗೆ ಅನುಮತಿಗೆ ಹೋಗುವ ಇನ್ನೊಬ್ಬ ಹೊಸಬರನ್ನು ಅಲ್ಲಿ ಕೇಳುವ ಮೊದಲ ಪ್ರಶ್ನೆ "ಹೋದ ಸಲ ಬಂದವರು ವರದಿ ಕೊಟ್ಟರಾ?" ಎಂದಿರುತ್ತದೆ.